ನಾವೇ ತಿಂದ ಬೇಲಿ

ಬಿದಿರಿನ ಸಸಿಗಳನ್ನು ಮನೆಗೆ ತಂದ ದಿನ ನಾನು ಒಂದು ಸುಳ್ಳು ಹೇಳಿದೆ. ಒಂದೇ ಒಂದು. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದು ಕಿವಿ ಹಿಂಡಿದವಳು ನಾನು. ಆ ಒಂದು ಸುಳ್ಳನ್ನು ಮುಂದೆ ಪಲ್ಯ ಮಾಡಿ, ಹುಳಿ ಮಾಡಿ, ಉಪ್ಪಿನಕಾಯಿ ಹಾಕಿ ಎರಡು ಮಳೆಗಾಲ ತಿಂದೆ. ಈಗ ನೆನೆಸಿಕೊಂಡರೆ ಒಬ್ಬಳೇ ಕೂತು ನಗುತ್ತೇನೆ. ನಮ್ಮ ಮನೆಯವರು ಒಳಗಿನಿಂದ, "ಏನಾತೇ?" ಅನ್ನುತ್ತಾರೆ. ಏನೂ ಇಲ್ಲ ಅನ್ನುತ್ತೇನೆ. ಅದೂ ಸುಳ್ಳೇ.

ಚನ್ನಗಿರಿಯಲ್ಲಿ ನಮ್ಮ ಮನೆ ಇರುವುದು ಊರಂಚಿನಲ್ಲಿ. ಮನೆಯ ಹಿಂದೆ ಅಡಿಕೆ ಒಣಗಿಸುವ ಕಣ, ನಮ್ಮ ಮಾವ ಸಿಮೆಂಟು ಹಾಕಿಸಿದ್ದು. ಅವರ ಕಾಲದಲ್ಲಿ ಅಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲವಂತೆ. ಈಗ ನಾವು ತೋಟವನ್ನು ಚೇಣಿಗೆ ಕೊಡುತ್ತೇವೆ. ಕಾಯಿ ಇನ್ನೂ ಮರದ ಮೇಲಿರುವಾಗಲೇ ಬೇರೆಯವರು ಹಿಡಿದು, ಕೊಯ್ದು, ಅವರಲ್ಲೇ ಸುಲಿದು ಬೇಯಿಸಿಕೊಳ್ಳುತ್ತಾರೆ. ಹಾಗಾಗಿ ಕಣ ವರ್ಷವಿಡೀ ಖಾಲಿ. ಅಡುಗೆಮನೆ ಕಿಟಕಿಯಿಂದ ಅದನ್ನು ನೋಡುತ್ತ ಪಾತ್ರೆ ತೊಳೆಯುವಾಗಲೆಲ್ಲ ನನಗೆ ಒಂದೇ ಯೋಚನೆ. ಕಲ್ಲಿಲ್ಲ, ಗುಂಡಿಯಿಲ್ಲ, ಬೀದಿನಾಯಿಯಿಲ್ಲ. ಸೈಕಲ್ ಕಲಿಯಲು ಹೇಳಿ ಮಾಡಿಸಿದ ಜಾಗ.

ನನಗೆ ಆಗ ಐವತ್ತೇಳು ತುಂಬಿತ್ತು.

ಈ ವಯಸ್ಸಿನಲ್ಲಿ ಸೈಕಲ್ ಯಾಕೆ ಎಂದು ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ. ತ್ಯಾವಣಿಗೆ ದಾಟಿ ಒಳಗೆ ಹೋದರೆ ಸಿಗುವ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಟೀಚರ್. ಎಂಟನೇ ಕ್ಲಾಸಿನವರಿಗೆ ಸರ್ಕಾರದ ಸೈಕಲ್ ಬಂದ ವರ್ಷಗಳಲ್ಲಿ ಹಂಚುವ ಕೆಲಸ ನನ್ನ ತಲೆಗೇ ಬೀಳುತ್ತಿತ್ತು. ಹೆಸರು ಕರೆಯುವುದು, ಸಹಿ ಹಾಕಿಸುವುದು, ಬೆಲ್ ಇದೆಯೇ ಬೀಗ ಇದೆಯೇ ನೋಡುವುದು. ಕೊನೆಯ ಸಲ ಹಂಚಿದಾಗ ಒಬ್ಬ ಹುಡುಗಿ, ಎರಡು ಜಡೆಯಲ್ಲಿ ಒಂದಕ್ಕೆ ಮಾತ್ರ ರಿಬ್ಬನ್ ಇದ್ದವಳು, ತನ್ನ ಹೊಸ ಸೈಕಲ್ಲನ್ನು ನನ್ನ ಮುಂದೆ ತಂದು ನಿಲ್ಲಿಸಿ, "ಮಿಸ್, ಮೊದ್ಲನೇ ರೌಂಡು ನೀವು ಹೊಡೀರಿ" ಅಂದಳು. ಸೀರೆ ಉಟ್ಟಿದ್ದೇನಲ್ಲ ಎಂದು ತಪ್ಪನ್ನು ಸೀರೆಯ ಮೇಲೆ ಹಾಕಿದೆ. ಅವಳು ನನ್ನ ಮುಖ ನೋಡಿ, "ಹೋಗ್ಲಿ ಬಿಡ್ರಿ ಮಿಸ್, ನಮ್ಮವ್ವಗೂ ಬರಲ್ಲ" ಎಂದು ಸಮಾಧಾನ ಹೇಳಿ ಹತ್ತಿಕೊಂಡು ಹೋದಳು. ಬೈದಿದ್ದರೆ ಸಹಿಸುತ್ತಿದ್ದೆ. ಸಮಾಧಾನ ಹೇಳಿದಳಲ್ಲ, ಅದು ಮೈಯೆಲ್ಲ ಉರಿಸಿತು. ಅವತ್ತೇ ತೀರ್ಮಾನಿಸಿದೆ. ನಿವೃತ್ತಿಯ ದಿನ, ಇದೇ ಮೈದಾನದಲ್ಲಿ, ಇದೇ ಸೀರೆಯಲ್ಲಿ, ಬೀಳದೆ ಒಂದು ಪೂರ್ತಿ ಸುತ್ತು.

ಬರದೆ ಇದ್ದದ್ದಕ್ಕೂ ಒಂದು ಕತೆಯಿದೆ. ನನ್ನ ತವರು ಜಗಳೂರು ತಾಲ್ಲೂಕಿನ ಸೊಕ್ಕೆ. ಹತ್ತು ವರ್ಷದವಳಿದ್ದಾಗ ಅಣ್ಣನ ಸೈಕಲ್ ಕದ್ದು ಹತ್ತಿ, ಊರವರೆಲ್ಲ ಶೇಂಗಾ ಬಿಡಿಸುತ್ತ ಕೂತಿದ್ದ ಕಣದೊಳಕ್ಕೇ ನುಗ್ಗಿ, ಬಳ್ಳಿಯ ರಾಶಿಯಲ್ಲಿ ತಲೆಕೆಳಗಾದೆ. ಅಪ್ಪ ಹೊಡೆದಿದ್ದರೆ ಮರೆತುಬಿಡುತ್ತಿದ್ದೆ. ಹೊಡೆಯಲಿಲ್ಲ, ನಕ್ಕರು. ಇಡೀ ಕಣ ನಕ್ಕಿತು. ಮೊಣಕಾಲಿನ ಗಾಯ ಒಂದು ವಾರಕ್ಕೆ ಮಾಯಿತು, ಆ ನಗು ಮಾತ್ರ ಕಿವಿಯಲ್ಲೇ ಉಳಿದುಬಿಟ್ಟಿತು. ಆಮೇಲೆ ಸೈಕಲ್ ಮುಟ್ಟಲಿಲ್ಲ. ಹಾಗಾಗಿ ಈ ಸಲ ನನ್ನದು ಒಂದೇ ಷರತ್ತು: ಪೂರ್ತಿ ಕಲಿಯುವವರೆಗೆ ಯಾರೂ ನೋಡಬಾರದು.

ನಮ್ಮ ಮನೆಯವರಿಗೆ ಹೇಳಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಾದೆ ಒಗೆದರು. "ಐವತ್ತರ ಮ್ಯಾಲೆ ನೀವು ಚಹಾ ಮಾಡಾಕೆ ಕಲಿಲಿಲ್ವೇನ್ರಿ?" ಅಂದೆ. ನಿಜಕ್ಕೂ ಒಳ್ಳೆಯ ಚಹಾ ಮಾಡುತ್ತಾರೆ.

ತೊಡಕು ಇದ್ದದ್ದು ಪಕ್ಕದ ಮನೆಯ ತಾರಸಿಯಲ್ಲಿ. ಆ ಮನೆಯ ಹಿರಿಯಾಕೆಯನ್ನು ನಾನು ಅಕ್ಕ ಅನ್ನುತ್ತೇನೆ. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಹಣೆ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಅಡಿಕೆ ವ್ಯಾಪಾರದ ತುಂಬಿದ ಮನೆ. ಇಬ್ಬರು ಸೊಸೆಯರು ಅಡುಗೆಮನೆ ವಹಿಸಿಕೊಂಡ ಮೇಲೆ ಅಕ್ಕ ತಮ್ಮ ರಾಜಧಾನಿಯನ್ನು ತಾರಸಿಗೆ ಬದಲಿಸಿದ್ದರು. ಹಪ್ಪಳ, ಸಂಡಿಗೆ, ಮೆಣಸಿನಕಾಯಿ, ಒಂದಲ್ಲ ಒಂದು ಅಲ್ಲಿ ಸದಾ ಒಣಗುತ್ತಿರುತ್ತದೆ. ತುದಿಗೆ ಕಪ್ಪು ಬಟ್ಟೆ ಕಟ್ಟಿದ ಉದ್ದನೆಯ ಕೋಲು ಹಿಡಿದು ಅಕ್ಕ ಕಾಗೆ ಕಾಯುತ್ತಾರೆ. ಕಾಗೆಯ ಜೊತೆಗೆ ಊರನ್ನೂ ಕಾಯುತ್ತಾರೆ. ಯಾರ ಮನೆಗೆ ಗ್ಯಾಸ್ ಬಂತು, ಯಾರ ಮಗಳನ್ನು ನೋಡಲು ಕಾರು ಬಂತು, ಎಲ್ಲ ಅವರಿಗೆ ಮೊದಲು ಗೊತ್ತು. ನಮ್ಮ ಕಣವಂತೂ ಅವರ ಕಣ್ಣ ಕೆಳಗೇ ಇದೆ. ನಾನು ಒಂದು ಸಲ ಬಿದ್ದರೆ ಮರುದಿನ ನನ್ನ ಬಸ್ಸಿಗಿಂತ ಮೊದಲು ಸುದ್ದಿ ತ್ಯಾವಣಿಗೆ ಮುಟ್ಟಿರುತ್ತಿತ್ತು.

ಕಾಂಪೌಂಡು ಎತ್ತರಿಸೋಣ ಅಂದರು ನಮ್ಮ ಮನೆಯವರು. ನಾನು ಬೇಡ ಅಂದೆ. ನಮ್ಮ ಕಡೆ ನೆರೆಮನೆಯ ದಿಕ್ಕಿಗೆ ಗೋಡೆ ಎತ್ತರಿಸಿದರೆ ಮಾತು ಬಿಟ್ಟಿದ್ದಾರೆ ಎಂದೇ ಅರ್ಥ. ಮರುದಿನದಿಂದ ಎರಡೂ ಕಡೆಯ ನೆಂಟರು ಬಂದು ಏನಾಯಿತು ಎಂದು ಕೇಳುತ್ತಾರೆ. ಗಿಡ ನೆಟ್ಟರೆ ಯಾರೂ ಏನೂ ಅನ್ನುವ ಹಾಗಿಲ್ಲ.

ಸೈಕಲ್ಲನ್ನು ಚನ್ನಗಿರಿಯಲ್ಲಿ ಕೊಂಡರೆ ಗುಟ್ಟು ಅಂಗಡಿಯಲ್ಲೇ ರಟ್ಟು. ಹೊನ್ನಾಳಿಗೆ ಹೋಗಿ, ರಿಪೇರಿ ಅಂಗಡಿಯೊಂದರಲ್ಲಿ ಹಳೆಯ ಲೇಡೀಸ್ ಸೈಕಲ್ ಹುಡುಕಿದೆವು. ಕೆಂಪು ಬಣ್ಣ, ಮುಂದೆ ಬುಟ್ಟಿ, ಹೊಳೆಯುವ ದೊಡ್ಡ ಬೆಲ್. ಅಂಗಡಿಯವರು, "ಒಂದು ರೌಂಡ್ ಹೊಡೆದು ನೋಡ್ರಿ ಅಮ್ಮ" ಅಂದರು. ನಮ್ಮ ಮನೆಯವರು ತಕ್ಷಣ, "ಮೊಮ್ಮಗಳಿಗೆ" ಅಂದರು. ನಮಗೆ ಮೊಮ್ಮಗಳಿಲ್ಲ. ಅದು ಅವರ ಸುಳ್ಳು, ನನ್ನ ತಲೆಗೆ ಕಟ್ಟಬೇಡಿ.

ಲಗೇಜ್ ಆಟೋದಲ್ಲಿ ಸೈಕಲ್ ಮಲಗಿಸಿಕೊಂಡು ನ್ಯಾಮತಿ ದಾಟಿ, ಸೂರಗೊಂಡನಕೊಪ್ಪದ ಕಡೆಯ ರಸ್ತೆಯಲ್ಲಿ ಒಂದು ನರ್ಸರಿಗೆ ಹೋದೆವು. ಒಂದು ತಾರಸಿಯ ಎತ್ತರಕ್ಕೆ ಬೇಗ ಬೆಳೆದು ಮರೆ ಕೊಡುವ ಗಿಡ ಬೇಕು ಅಂದೆ. ನರ್ಸರಿಯವರು ಯೋಚನೆಯನ್ನೂ ಮಾಡದೆ ಬಿದಿರು ಅಂದರು.

"ಬೇರು ಬಿಟ್ಕಂಡು ಪಕ್ಕದ ಮನಿಗೆ ನುಗ್ಗಲ್ವೇನ್ರಿ?"

"ಇದು ಓಡೋ ಜಾತಿ ಅಲ್ಲಮ್ಮ. ಇದ್ದಲ್ಲೇ ಮೆಳೆ ಕಟ್ತೈತೆ, ಬುಡ ದಪ್ಪ ಆಗ್ತೈತೆ ಅಷ್ಟೇ. ಮುಳ್ಳಿಲ್ಲದ್ದು ಕೊಡ್ತೀನಿ. ಮೂರು ಮೂರು ಅಡಿಗೆ ಒಂದು ಹಾಕ್ರಿ. ಮೊದ್ಲನೇ ವರ್ಷ ಏನೂ ಕಾಣಲ್ಲ, ಸತ್ತೋತು ಅಂತ ಕಿತ್ತು ಒಗೀಬ್ಯಾಡ್ರಿ. ಮೂರನೇ ಮಳೆಗಾಲಕ್ಕೆ ಗೋಡೆ ನಿಂತಂಗೆ ನಿಲ್ತೈತೆ."

ಮೂರನೇ ಮಳೆಗಾಲ ಮುಗಿದು ಮುಂದಿನ ಜನವರಿಗೆ ನನ್ನ ನಿವೃತ್ತಿ. ಹೇಳಿ ಬರೆಸಿದಂತಿತ್ತು. ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. ಮಳೆಗಾಲದಲ್ಲಿ ಬುಡದಿಂದ ಎಳೇ ಮೊಳಕೆ ಏಳುತ್ತವೆ, ಅವೇ ಮುಂದೆ ಗಳವಾಗುವುದು, ತಿನ್ನುವವರು ತಿನ್ನುತ್ತಾರೆ, ಕಳಲೆ ಅಂತಾರೆ, ನೀವು ಮಾತ್ರ ಮುರಿಯಬೇಡಿ. ನಾನು ಬಯಲುಸೀಮೆಯವಳು, ಕಳಲೆ ಕಂಡವಳಲ್ಲ. ತಲೆಯಾಡಿಸಿ ಬಂದೆ.

ಹದಿನಾಲ್ಕು ಸಸಿಗಳನ್ನು ಆಟೋದಲ್ಲಿ ಒತ್ತೊತ್ತಾಗಿ ನಿಲ್ಲಿಸಿದರು. ಅವುಗಳ ಬುಡದಲ್ಲಿ, ಎಲೆಗಳ ನಡುವೆ ಸೈಕಲ್ ಮುಚ್ಚಿಹೋಯಿತು. ನೆಡುವ ಮೊದಲೇ ಬಿದಿರು ಕೆಲಸ ಶುರುಮಾಡಿತು ಎಂದು ಚನ್ನಗಿರಿ ಮುಟ್ಟುವವರೆಗೂ ನಾನು ಹಿಗ್ಗಿದ್ದೇ ಹಿಗ್ಗಿದ್ದು. ಡ್ರೈವರ್ ಎರಡು ಸಲ ನನ್ನನ್ನು ತಿರುಗಿ ನೋಡಿದ.

ಮನೆ ಮುಂದೆ ಆಟೋ ನಿಲ್ಲುವುದಕ್ಕೂ ತಾರಸಿಯಿಂದ ಅಕ್ಕ ಬಗ್ಗುವುದಕ್ಕೂ ಸರಿಹೋಯಿತು.

"ಏನ್ರೀ ಟೀಚರಮ್ಮ, ಬಿದಿರು?"

"ಹೂಂ ಅಕ್ಕ."

"ಮನಿ ಹಿಂದೆ ಬಿದಿರು ಹಾಕ್ತಾರೇನ್ರಿ ಯಾರಾದ್ರೂ? ಚಟ್ಟ ಕಟ್ಟಾಕೆ ತರೋದು ಅದನ್ನ."

"ಬಾಗಿನದ ಮೊರಾನೂ ಅದರದ್ದೇ ಅಲ್ವೇನಕ್ಕ? ತೊಟ್ಟಿಲೂ ಅದರದ್ದೇ."

ಅಕ್ಕ ಒಂದು ಕ್ಷಣ ತೂಗಿ ನೋಡಿದರು. "ಅದೂ ಹೌದು. ಆದ್ರೂ ಯಾಕೆ ತಂದ್ರಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಗಾಳಿಗೆ ಅನ್ನಬಹುದಿತ್ತು, ಚಂದಕ್ಕೆ ಅನ್ನಬಹುದಿತ್ತು. ನಿಮ್ಮ ಕಣ್ಣು ಮರೆಮಾಡಾಕೆ ಎಂಬ ನಿಜ ನಾಲಿಗೆಯ ತುದಿಗೆ ಬಂದು ನಿಂತಿದ್ದರಿಂದ ಗಾಬರಿಯಾಗಿ, ಕೈಗೆ ಸಿಕ್ಕ ಮಾತನ್ನು ಎಸೆದೆ. "ಕಳಲೆಗೆ ಅಕ್ಕ. ನಮ್ಮನೆಯವರಿಗೆ ಕಳಲೆ ಅಂದ್ರೆ ಪ್ರಾಣ." ಪಕ್ಕದಲ್ಲಿದ್ದ ನಮ್ಮ ಮನೆಯವರು, ಜನ್ಮದಲ್ಲಿ ಕಳಲೆ ತಿನ್ನದವರು, ಪ್ರಾಣ ಎಂಬಂತೆ ತಲೆಯಾಡಿಸಿದರು.

ಅಕ್ಕನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. "ನನ್ನ ತವರು ನ್ಯಾಮತಿ ಕಡೆ ಕಾಡಂಚು, ಗೊತ್ತೈತಲ್ರಿ. ಕಳಲೆ ಬಾಯಿಗಿಟ್ಟು ಎಷ್ಟು ಕಾಲ ಆತು. ಬರ್ಲಿ ಬರ್ಲಿ. ಹೆಂಗೆ ಮಾಡಾದು ನಾನು ತೋರಿಸ್ತೀನಿ."

ಅಕ್ಕ ಚಹಾಕ್ಕೆ ಕೆಳಗಿಳಿದ ಹೊತ್ತು ನೋಡಿ ಸೈಕಲ್ಲನ್ನು ಅಡಿಕೆ ಮೂಟೆ ಇಡುತ್ತಿದ್ದ ಕೋಣೆಗೆ ಸೇರಿಸಿದೆವು. ಕಣದ ಅಂಚಿಗೆ ಉದ್ದಕ್ಕೆ ಗುಂಡಿ ತೋಡಿ, ಸಗಣಿ ಗೊಬ್ಬರ ಹಾಕಿ, ಸಸಿ ನೆಟ್ಟು, ಬುಡಕ್ಕೆ ಅಡಿಕೆ ಸಿಪ್ಪೆ ಹೊದಿಸಿದೆವು. ನರ್ಸರಿಯವರು ಹೇಳಿದ ಹಾಗೆಯೇ ಮೊದಲ ವರ್ಷ ಅವು ಏನೂ ಮಾಡಲಿಲ್ಲ. ಪರೀಕ್ಷೆಗೆ ಓದದೆ ಬಂದ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು.

ಅಲ್ಲಿಯವರೆಗೆ ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಕಣಕ್ಕೆ ಅಡ್ಡಲಾಗಿ ಹಗ್ಗ ಕಟ್ಟಿದೆ. ಪ್ರತಿ ಭಾನುವಾರ ಬೆಳಗ್ಗೆ ಮನೆಯಲ್ಲಿದ್ದ ಬೆಡ್‌ಶೀಟು, ರಗ್ಗು, ಹಳೆ ಪಂಚೆ, ಎಲ್ಲ ಒದ್ದೆ ಮಾಡಿ ಹರವಿದೆ. ನೀರು ಬಿಟ್ಟ ದಿನ ಸಂಪಿನ ಮುಂದೆ ಸಿಕ್ಕವರು ಮನೆಗೆ ಬಾಣಂತಿ ಬಂದಿದ್ದಾರಾ ಎಂದು ಕೇಳಿದರು. ಆ ಮರೆಯಲ್ಲಿ ನಾನು ಸೈಕಲ್ ಮೇಲೆ, ನಮ್ಮ ಮನೆಯವರು ಹಿಂದೆ ಕ್ಯಾರಿಯರ್ ಹಿಡಿದು ಓಟ. ಮೂರನೇ ಭಾನುವಾರ ಹಿಂದಿನಿಂದ ಅವರ ಏದುಸಿರು ಕೇಳುತ್ತಿಲ್ಲವಲ್ಲ ಅನ್ನಿಸಿತು. ತಿರುಗಿ ನೋಡಿದರೆ ಅವರು ದೂರದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾರೆ. ಅಂದರೆ ನಾನೊಬ್ಬಳೇ ಹೋಗುತ್ತಿದ್ದೇನೆ. ಆ ಸಂತೋಷಕ್ಕೆ ಎರಡೂ ಕೈ ಬಿಟ್ಟು ಚಪ್ಪಾಳೆ ತಟ್ಟಲು ಹೋದೆ. ಸೈಕಲ್ಲು ನೇರ ಡಬಲ್ ಬೆಡ್‌ಶೀಟಿಗೆ ನುಗ್ಗಿತು. ದೊಡ್ಡ ದೊಡ್ಡ ಸೂರ್ಯಕಾಂತಿ ಹೂವಿನ ಶೀಟು. ಹಗ್ಗ ಹರಿದು, ನಾನು ಅದರಲ್ಲಿ ಸುತ್ತಿಕೊಂಡು, ಒದ್ದೆ ಸೂರ್ಯಕಾಂತಿಯ ಒಳಗಿಂದ ಒಂದು ಕಾಲು ಮಾತ್ರ ಹೊರಗೆ. ನಮ್ಮ ಮನೆಯವರು ಬಿಡಿಸಲು ಬಂದವರು ನಗು ತಡೆಯಲಾಗದೆ ಪಕ್ಕದಲ್ಲೇ ಕುಸಿದರು. ಸದ್ದಾಗಬಾರದೆಂದು ಇಬ್ಬರೂ ಶೀಟಿನ ತುದಿ ಬಾಯಿಗೆ ತುರುಕಿಕೊಂಡು ಬಿಕ್ಕಳಿಕೆ ಬರುವವರೆಗೆ ನಕ್ಕೆವು. ಪಕ್ಕದ ತಾರಸಿಯಿಂದ, "ಹುಶ್, ಹುಶ್" ಎಂದು ಅಕ್ಕ ಕಾಗೆ ಓಡಿಸುವುದು ಕೇಳಿತು. ಅವತ್ತು ಸ್ವಲ್ಪ ಜಾಸ್ತಿ ಹೊತ್ತೇ ಓಡಿಸಿದರು. ಬಚಾವಾದೆವು ಅಂದುಕೊಂಡೆವು.

ಎರಡನೇ ಮಳೆಗಾಲ. ಮೊದಲ ದೊಡ್ಡ ಮಳೆಯಾದ ವಾರಕ್ಕೆ ಬುಡಗಳಲ್ಲಿ ಕಂದು ಟೊಪ್ಪಿಗೆ ಹಾಕಿಕೊಂಡ ಮೊಳಕೆಗಳು ಎದ್ದವು. ಕಟ್ಟುಮಸ್ತಾದ, ಕೈಯಷ್ಟು ದಪ್ಪದ ಮೊಳಕೆ. ಶಾಲೆಗೆ ಹೋಗುವ ಮೊದಲು ಒಂದೊಂದನ್ನೂ ಮಾತಾಡಿಸಿ ಹೋದೆ. ಸಂಜೆ ಬಂದು ನೋಡಿದರೆ ಐದನೇ ಮತ್ತು ಆರನೇ ಬುಡ ಬೋಳು. ಅಡುಗೆಮನೆಗೆ ಓಡಿದೆ. ಅಕ್ಕ ಈಳಿಗೆ ಮಣೆಯ ಮುಂದೆ ಕೂತು ಕಳಲೆ ಹೆಚ್ಚುತ್ತಿದ್ದಾರೆ, ನಮ್ಮ ಮನೆಯವರು ಪಕ್ಕದಲ್ಲಿ ಶ್ರದ್ಧೆಯಿಂದ ಸಿಪ್ಪೆ ಸುಲಿಯುತ್ತಿದ್ದಾರೆ.

"ಬರ್ರಿ ಟೀಚರಮ್ಮ. ಎಷ್ಟು ಎಳೇದೈತೆ ನೋಡ್ರಿ."

ತಡೆಯುವ ಹಾಗಿರಲಿಲ್ಲ. ಹಿತ್ತಲಲ್ಲಿ ಮೊದಲು ಬಿಟ್ಟದ್ದನ್ನು, ಸೋರೆಕಾಯಿಯಾಗಲಿ ನುಗ್ಗೆಕಾಯಿಯಾಗಲಿ, ನೆರೆಮನೆಗೆ ಕೊಡದೆ ನಮ್ಮಲ್ಲಿ ಬಾಯಿಗೆ ಇಡುವುದಿಲ್ಲ. ಕಳಲೆಗೆಂದೇ ನೆಟ್ಟೆ ಎಂದು ತಾರಸಿಗೆ ಕೇಳುವಂತೆ ಹೇಳಿದವಳೂ ನಾನೇ. ಕಳಲೆಯನ್ನು ತೆಳ್ಳಗೆ ಹೆಚ್ಚಿ, ಮೂರು ದಿನ ನೀರಿನಲ್ಲಿ ನೆನೆಹಾಕಿ, ದಿನಾ ಬೆಳಗ್ಗೆ ನೀರು ಬದಲಿಸಬೇಕು, ಇಲ್ಲದಿದ್ದರೆ ಕಹಿಯೂ ಹೋಗುವುದಿಲ್ಲ, ಹೊಟ್ಟೆಗೂ ಆಗುವುದಿಲ್ಲ ಎಂದು ಅಕ್ಕ ಕಲಿಸಿದರು. ಮೂರು ದಿನ ನಾನು ಮುಖ ಗಂಟಿಕ್ಕಿಕೊಂಡು ನೀರು ಬದಲಿಸಿದೆ. ನಾಲ್ಕನೇ ದಿನ ಹೆಸರುಕಾಳು ಹಾಕಿ, ಕಾಯಿ ತುರಿದು ಪಲ್ಯ ಮಾಡಿದರು. ಸಿಟ್ಟಿನಲ್ಲೇ ತಟ್ಟೆಗೆ ಕೂತೆ. ನಾಲ್ಕು ರೊಟ್ಟಿ ತಿಂದು ಎದ್ದೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆ ಕೇಳಿದ್ದೆ. ನಮ್ಮಲ್ಲಿ ಹೊಲದವರೇ ಕೂತು ಬೇಲಿ ಮೇಯ್ದೆವು. ಆ ಮಳೆಗಾಲವೆಲ್ಲ ಇದೇ ಆಯಿತು. ಒಂದು ತಟ್ಟೆ ಪಲ್ಯ ಕಂಡರೆ ನನಗೆ ಬೆಳೆಯದೆ ಹೋದ ಎರಡು ಗಳ ಕಾಣುತ್ತಿದ್ದವು. ಉಪ್ಪಿನಕಾಯಿ ಭರಣಿಯಂತೂ ಒಂದು ಪೂರ್ತಿ ಮೆಳೆ. ನಮ್ಮ ಮನೆಯವರು ಪಲ್ಯಕ್ಕೆ ಮಾರಿಹೋಗಿದ್ದರು. ನಾನು ಶಾಲೆಗೆ ಹೊರಟ ಕೂಡಲೇ ಪಕ್ಕದ ಚಿಕ್ಕ ಗೇಟು ತೆಗೆದು ಅಕ್ಕನನ್ನು ಒಳಗೆ ಬಿಡುತ್ತಿದ್ದವರು ಅವರೇ.

ಮೂರನೇ ಮಳೆಗಾಲದಲ್ಲಿ ಬಿದಿರು ನಮ್ಮ ಹಸಿವನ್ನು ಸೋಲಿಸಿತು. ಒಂದೊಂದು ಬುಡದಿಂದ ಆರು, ಏಳು. ಬೆಳಗ್ಗೆ ನೋಡಿದ್ದು ಸಂಜೆಗೆ ಗೇಣುದ್ದ ಏರಿರುತ್ತಿತ್ತು. ಕತ್ತೆತ್ತಿ ನೋಡಿ ನೋಡಿ ನನಗೆ ಕತ್ತು ನೋವು ಬಂತು, ಸಂತೋಷದ ನೋವು. ದಸರೆಯ ಹೊತ್ತಿಗೆ ಗಳಗಳು ತಾರಸಿಯನ್ನು ದಾಟಿ, ಎಲೆ ಬಿಟ್ಟು, ಗಾಳಿಗೆ ಸರಸರ ಅನ್ನುತ್ತಿದ್ದವು. ಗೋಡೆಯೇ ನಿಂತಿತ್ತು, ಒಂದು ಕಡೆ ಬಿಟ್ಟು. ಐದು ಮತ್ತು ಆರನೇ ಬುಡದ ಹತ್ತಿರ, ಸರಿಯಾಗಿ ಅಕ್ಕನ ತಾರಸಿಯ ಎದುರಿಗೆ, ಒಂದು ಬಾಗಿಲಷ್ಟು ಅಗಲದ ಸಂದು. ಅಲ್ಲಿ ಮಣ್ಣು ಸರಿಯಿಲ್ಲವೇನೋ ಎಂದು ಎರಡು ಬುಟ್ಟಿ ಗೊಬ್ಬರ ಹೆಚ್ಚು ಹಾಕಿದೆ. ಮೊಳಕೆ ಇನ್ನೂ ಜಾಸ್ತಿ ಬಂದವು, ಇನ್ನೂ ಬೇಗ ಮಾಯವಾದವು. ಬೇರೆ ಬುಡದಿಂದ ತೆಗೆದುಕೊಳ್ಳಲಿ ಎಂದು ಮನೆಯವರ ಕೈಯಲ್ಲಿ ಹೇಳಿಸಿದೆ. "ಅಲ್ಲಿದ್ದೇ ರುಚಿ ಅಂತಾರೆ ಕಣೇ" ಎಂದು ಅವರು ವಾಪಸು ಬಂದರು.

ನವೆಂಬರ್ ಬಂತು. ಸಂದಿಗೆ ಹೆದರಿ, ಅಕ್ಕ ಕೆಳಗಿಳಿದ ಹೊತ್ತು ನೋಡಿಯೇ ಅಭ್ಯಾಸ ನಡೆಸಿದ್ದೆ. ನೇರ ಹೋಗುವುದು ಬಂದಿತ್ತು, ತಿರುಗಿಸುವುದು ಬಂದಿರಲಿಲ್ಲ. ಕಣದ ಮೂಲೆ ಬಂದರೆ ನಾನು ಎಡಕ್ಕೆ ವಾಲುವುದು, ಬೀಳುವುದು. ಮೈದಾನದಲ್ಲಿ ಒಂದು ಸುತ್ತು ಹೊಡೆಯಬೇಕಾದವಳಿಗೆ ತಿರುವು ಬರದಿದ್ದರೆ ಸೀದಾ ಪಕ್ಕದೂರಿಗೆ ಹೋಗಬೇಕು. ಒಂದು ಭಾನುವಾರ ಐದನೇ ಸಲ ಬಿದ್ದೆ. ಮೊಣಕೈ ತರಚಿ, ಸೀರೆ ಚೈನಿಗೆ ಸಿಕ್ಕಿ ಹರಿದು, ಸಿಟ್ಟಿಗೆ ಅಳು ಬಂತು. ಇನ್ನು ಸಾಕು, ಇದು ನನ್ನ ಹಣೆಯಲ್ಲಿ ಬರೆದಿಲ್ಲ ಅಂದೆ. ನಮ್ಮ ಮನೆಯವರು ಅರಿಶಿನ ತರಲು ಒಳಗೆ ಹೋದರು. ನಾನು ನೆಲದ ಮೇಲೆ ಕೂತೇ ಸೈಕಲ್ಲನ್ನು ಕಾಲಿಂದ ಒದ್ದೆ.

"ಸೈಕಲ್ಲಿಗ್ಯಾಕೆ ಒದೀತೀರಿ?" ಎಂದು ಮೇಲಿನಿಂದ ದನಿ ಬಂತು. "ತಿರುವಿನಾಗೆ ಮುಂದಿನ ಗಾಲಿ ನೋಡ್ತೀರಿ ನೀವು. ಅದಕ್ಕೇ ಬೀಳ್ತೀರಿ. ಯಾವ ಕಡಿಗೆ ಹೋಗ್ಬೇಕೋ ಆ ಕಡಿಗೆ ನೋಡ್ರಿ."

ಸಂದಿನಲ್ಲಿ ಅಕ್ಕ, ತಾರಸಿಯ ಗೋಡೆಗೆ ಮೊಣಕೈ ಊರಿ ನಿಂತಿದ್ದರು.

"ಯಾವಾಗಿಂದ ನೋಡ್ತಿದೀರಿ ಅಕ್ಕ?"

"ಆಟೋದಾಗೆ ತಂದ್ರಲ್ಲ, ಅವತ್ತಿಂದ. ಬಿದಿರಿನ ಸಂದಿಂದ ಬೆಲ್ಲು ಹೊಳೀತಿತ್ತು."

"ಯಾರಿಗೆ ಹೇಳಿದ್ರಿ?"

"ಯಾರಿಗೂ ಇಲ್ಲ. ಸೊಸೆದೀರಿಗೂ ಇಲ್ಲ. ಎರಡು ವರ್ಷದ ಮ್ಯಾಲಾತು, ಹೆಂಗೆ ಬಾಯಿ ಮುಚ್ಕಂಡಿದೀನೋ ಆ ಶಿವನಿಗೇ ಗೊತ್ತು."

"ನಗಲಿಲ್ವೇನಕ್ಕ?"

"ಬೆಡ್‌ಶೀಟ್ ಸುತ್ಕಂಡು ಬಿದ್ರಲ್ಲ, ಅವತ್ತು ನಕ್ಕೆ. ಕಾಗೆ ಓಡಿಸಿದಂಗೆ ಮಾಡಿ ನಕ್ಕೆ. ಇರ್ರಿ, ಬಂದೆ."

ಕೋಲು ಬಿಟ್ಟು ಕೆಳಗಿಳಿದು ಚಿಕ್ಕ ಗೇಟಿನಿಂದ ಬಂದರು. ನನ್ನನ್ನು ಎಬ್ಬಿಸಲಿಲ್ಲ, ಸೈಕಲ್ಲನ್ನು ಎಬ್ಬಿಸಿದರು. ಹ್ಯಾಂಡಲ್ ನೆಟ್ಟಗೆ ಮಾಡಿ, ಟೈರು ಒತ್ತಿ ನೋಡಿ, ಸೀರೆಯನ್ನು ಎತ್ತಿ ಗಟ್ಟಿಯಾಗಿ ಸಿಕ್ಕಿಸಿ, ಒಂದು ಕಾಲು ಪೆಡಲ್ ಮೇಲಿಟ್ಟರು. ಅಕ್ಕ, ಬೇಡ ಅನ್ನುವಷ್ಟರಲ್ಲಿ ಹೊರಟೇಹೋದರು. ಎರಡು ಮಾರು ಓಲಾಡಿತು. ಆಮೇಲೆ ಸೈಕಲ್ಲಿಗೆ ಅವರ ಗುರುತು ಸಿಕ್ಕಿತು. ಎಪ್ಪತ್ತರ ಹೆಂಗಸು, ವಿಭೂತಿ, ಸೊಂಟದಲ್ಲಿ ಸೆರಗು, ನಾನು ಬೀಳುತ್ತಿದ್ದ ನಾಲ್ಕೂ ಮೂಲೆಯಲ್ಲಿ ನೀರು ಹರಿದಂತೆ ತಿರುಗಿ, ಒಂದು ಸುತ್ತು, ಎರಡು ಸುತ್ತು, ಮೂರನೇ ಸುತ್ತಿನಲ್ಲಿ ಬೆಲ್ ಬೇರೆ ಹೊಡೆದರು. ಬಾಯ್ತುಂಬ ನಗುತ್ತಿದ್ದರು. ಇಪ್ಪತ್ತು ವರ್ಷದ ನೆರೆಯಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಅರಿಶಿನದ ಬಟ್ಟಲು ಹಿಡಿದು ಬಂದ ನಮ್ಮ ಮನೆಯವರು ಬಾಗಿಲಲ್ಲೇ ನಿಂತುಬಿಟ್ಟರು.

"ನಮ್ಮಪ್ಪನ ಸೈಕಲ್ಲು," ಅಂದರು ಇಳಿದು, ಉಸಿರು ಬಿಡುತ್ತ. "ದೊಡ್ಡದು. ಬಾರಿನೊಳಗೆ ಕಾಲು ತೂರಿಸಿ ಹೊಡೀತಿದ್ದೆ. ಸೀಮೆಎಣ್ಣೆ ತರಾಕೆ ನನ್ನೇ ಕಳಿಸ್ತಿದ್ರು. ಮದುವಿ ಆದ್ಮ್ಯಾಲೆ ಇವತ್ತೇ ಮುಟ್ಟಿದ್ದು." ಆಮೇಲೆ ಸಂದಿನ ಕಡೆ ಗಲ್ಲ ತಿರುಗಿಸಿದರು. "ಅಲ್ಲಿದ್ದೇ ಕಳಲೆ ಯಾಕೆ ಕೀಳ್ತಿದ್ದೆ ಅಂದ್ಕಂಡ್ರಿ? ಅದೊಂದು ಮುಚ್ಚಿದ್ರೆ ನನಗೆ ಸೈಕಲ್ಲು ಕಾಣ್ತಿರಲಿಲ್ಲ."

ನನಗೆ ನಾಚಿಕೆಯಾಯಿತು, ಮುಖ ಎತ್ತಲಾಗದಷ್ಟು. ಈ ಹೆಂಗಸಿನ ಬಾಯಿಗೆ ಹೆದರಿ ನಾನು ಹದಿನಾಲ್ಕು ಬಿದಿರು ನೆಟ್ಟಿದ್ದೆ. ನನ್ನ ಗುಟ್ಟನ್ನು ನನಗಿಂತ ಚೆನ್ನಾಗಿ ಕಾಪಾಡಿದ್ದು ಅದೇ ಬಾಯಿ. ನಾಚಿಕೆಯ ಬೆನ್ನಿಗೇ ನಗು ಬಂತು, ಮೂವರೂ ಕಣದ ಮೇಲೆ ಕೂತು ನಕ್ಕೆವು, ಈ ಸಲ ಬಾಯಿಗೆ ಶೀಟು ತುರುಕಿಕೊಳ್ಳದೆ.

ಅಲ್ಲಿಂದ ಅಕ್ಕನೇ ಗುರು. ತಾರಸಿಯ ಮೇಲಿನಿಂದ, ಸಂದಿನೊಳಗಿಂದ ಕಾಗೆ ಕೋಲು ಚಾಚಿ ದಿಕ್ಕು ತೋರಿಸುವರು. ನಾನು ಗಾಲಿ ಬಿಟ್ಟು ಆ ಕಪ್ಪು ಬಟ್ಟೆ ನೋಡುತ್ತ ತಿರುಗುವೆ. ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೆ ಎಂಟರ ಆಕಾರದಲ್ಲಿ ಹೊಡೆಯುತ್ತಿದ್ದೆ.

ನಿವೃತ್ತಿಯ ದಿನ ಶಾಲು, ಹಾರ, ಭಾಷಣ ಎಲ್ಲ ಆಯಿತು. ಅಕ್ಕ ನೆಂಟರ ಮನೆಗೆ ಎಂದು ಸೊಸೆಯರಿಗೆ ಹೇಳಿ, ನಮ್ಮ ಮನೆಯವರ ಜೊತೆ ಬಸ್ಸಿನಲ್ಲಿ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಒಂಟಿ ರಿಬ್ಬನ್ನಿನ ಹುಡುಗಿ ಈಗ ಪಿಯುಸಿ. ನನ್ನ ಬೀಳ್ಕೊಡುಗೆಗೆಂದೇ ಅದೇ ಸೈಕಲ್ಲಿನಲ್ಲಿ ಬಂದಿದ್ದಳು. ನನ್ನ ಮಾತಿನ ಸರದಿ ಬಂದಾಗ ಮೈಕಿನ ಮುಂದೆ ನಿಂತು, ಮಾತು ಬೇಡ, ಒಂದು ಬಾಕಿ ಇದೆ ಅಂದೆ. ಅವಳ ಹತ್ತಿರ ಹೋಗಿ, "ಮೊದ್ಲನೇ ರೌಂಡು ಕೊಡೇ" ಅಂದೆ. ಅವಳ ಬಾಯಿ ತೆರೆದದ್ದು ತೆರೆದೇ ಇತ್ತು.

ಹಾರ ತೆಗೆಯಲು ಮರೆತೆ. ಧ್ವಜದ ಕಟ್ಟೆಯ ತಿರುವಿನಲ್ಲಿ ಕಣ್ಣು ತಾನಾಗಿ ಗಾಲಿಗೆ ಜಾರಿತು, ಸೈಕಲ್ ಎಡಕ್ಕೆ ವಾಲಿತು. ಮುಂದಿನ ಸಾಲಿನಲ್ಲಿ ಅಕ್ಕ ಎದ್ದು ನಿಂತು, ಕೋಲಿಲ್ಲದ ಕೈಯನ್ನು ಉದ್ದಕ್ಕೆ ಚಾಚಿದರು. ಆ ಕೈ ನೋಡಿದೆ, ತಿರುಗಿದೆ. ಒಂದು ಸುತ್ತು ಮುಗಿಯಿತು. ಇಳಿಯುವುದು ನೆನಪಾಗಲಿಲ್ಲ. ಎರಡು, ಮೂರು. ಹಾರದ ಹೂವು ಉದುರಿ ಹಿಂದೆ ಮಕ್ಕಳು ಆರಿಸಿಕೊಂಡು ಓಡಿಬರುತ್ತಿದ್ದರು. ಇಡೀ ಮೈದಾನ ನಗುತ್ತಿತ್ತು. ಸೊಕ್ಕೆಯ ಕಣವೂ ಬಹುಶಃ ಹೀಗೆಯೇ ನಕ್ಕಿತ್ತು, ನನಗೆ ಆಗ ತಿಳಿಯಲಿಲ್ಲ. ನಾನೂ ನಕ್ಕೆ.

ಇಳಿದ ಮೇಲೆ ಆ ಹುಡುಗಿ ಅಕ್ಕನ ಮುಂದೆ ಸೈಕಲ್ ನಿಲ್ಲಿಸಿ, "ಅಜ್ಜಿ, ನೀವೂ ಒಂದು ರೌಂಡು?" ಅಂದಳು. ಅಕ್ಕ ಸೆರಗು ಹೊದ್ದುಕೊಂಡರು. "ಸೀರಿ ಉಟ್ಟೀನಲ್ಲವ್ವ, ನನಗೆಲ್ಲಿ ಬರ್ತೈತೆ?" ಅಂದರು. ನಾನು ಅವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ವಾಪಸು ಬಸ್ಸಿನಲ್ಲಿ ಚನ್ನಗಿರಿ ಹತ್ತಿರ ಬಂದಾಗ ಅವರೇ, "ಎಲ್ರೂ ನೋಡ್ತಿದ್ರು ಟೀಚರಮ್ಮ" ಅಂದರು. ಅದು ನನಗೆ ಎಷ್ಟು ಚೆನ್ನಾಗಿ ಗೊತ್ತಿದ್ದ ಮಾತು.

ಈ ವರ್ಷದ ಮಳೆಗೆ ಐದನೇ ಮತ್ತು ಆರನೇ ಬುಡದಲ್ಲಿ ಒಂಬತ್ತು ಮೊಳಕೆ ಎದ್ದವು. ಅಭ್ಯಾಸಬಲ, ಕುಡುಗೋಲು ಹಿಡಿದು ಬಗ್ಗಿದೆ. ಅಕ್ಕ ಹಿಂದಿನಿಂದ ಬಂದು ನನ್ನ ಮಣಿಕಟ್ಟು ಹಿಡಿದರು.

"ಅವನ್ನ ಮುಟ್ಟಬ್ಯಾಡ್ರಿ."

"ಪಲ್ಯಕ್ಕೆ ಅಕ್ಕ."

"ಬ್ಯಾರೆ ಬುಡದ್ದು ಕೀಳ್ರಿ. ಇವು ಮ್ಯಾಲೆ ಹೋಗ್ಲಿ. ಸಣ್ಣ ಸೊಸೆ ಈಗೀಗ ತಾರಸಿಗೆ ಬಟ್ಟೆ ಹಾಕಾಕೆ ಬರ್ತಾಳೆ."

ಒಂಬತ್ತೂ ಮೇಲೆ ಹೋದವು. ಸಂದು ಮುಚ್ಚಿದೆ. ಈಗ ಅಕ್ಕನ ತಾರಸಿಯಿಂದ ನಮ್ಮ ಕಣ ಕಾಣುವುದಿಲ್ಲ. ಅಕ್ಕ ದಿನಾ ಬೆಳಗ್ಗೆ, ಟೀಚರಮ್ಮನ ಮನೆಯಲ್ಲಿ ನೆನೆಹಾಕಿದ ಕಳಲೆಯ ನೀರು ಬದಲಿಸಿ ಬರುತ್ತೇನೆ ಎಂದು ಸೊಸೆಯರಿಗೆ ಹೇಳಿ ಚಿಕ್ಕ ಗೇಟಿನಿಂದ ಬರುತ್ತಾರೆ. ಮೂರು ದಿನ ನೆನೆದರೆ ಸಾಕಾಗುವ ಕಳಲೆಗೆ ಅವರು ಮೂರು ತಿಂಗಳಿಂದ ನೀರು ಬದಲಿಸುತ್ತಿದ್ದಾರೆ. ರಸ್ತೆಗೆ ಯಾವಾಗ ಎಂದು ನಾನು ಕೇಳುವುದಿಲ್ಲ, ಅವರಿಗೆ ಬೇಕಾದಷ್ಟು ದಿನ ಬಿದಿರು ಅಲ್ಲೇ ಇರುತ್ತದೆ. ನಾಳೆ ಮಾತ್ರ ಸೈಕಲ್ಲಿನ ಬ್ರೇಕು ಬಿಗಿ ಮಾಡಿಸಬೇಕು. ಅಕ್ಕ ತುಂಬ ಜೋರಾಗಿ ಹೊಡೆಯುತ್ತಾರೆ.